ಮುಂದಿನ ಸಾಲಿನ ಯೋಗ

ವಿಮಾನದಲ್ಲಿ ಬಿಟ್ಟಿಯಾಗಿ ಬಿಸಿನೆಸ್ ಕ್ಲಾಸಿನ ಸೀಟು ಯಾರಿಗೆ ಸಿಗುತ್ತದೆ ಎಂಬ ಪ್ರಶ್ನೆ ನಮ್ಮ ಗೆಳೆಯರ ಗುಂಪಿನಲ್ಲಿ ಎದ್ದರೆ ಮೊದಲು ಬಾಯಿ ತೆರೆಯುವವರು ಎಂಜಿನಿಯರು. ಇಸ್ತ್ರಿ ಮಾಡಿದ ಕೋಟು ತೊಟ್ಟು ಹೋಗಬೇಕು, ಚೆಕ್-ಇನ್ ಕೌಂಟರಿನಲ್ಲಿ ಮೆಲುದನಿಯಲ್ಲಿ ಮಾತನಾಡಬೇಕು, ಎದುರಿಗಿರುವವರ ಎದೆಯ ಮೇಲಿನ ಬಿಲ್ಲೆಯನ್ನು ಓದಿ ಹೆಸರು ಹಿಡಿದು ನಮಸ್ಕರಿಸಬೇಕು. ಆಗ ಅವರು ಕರಗಿ ನೀರಾಗಿ ನಮ್ಮನ್ನು ಪರದೆಯ ಆಚೆಗೆ ಕಳುಹಿಸುತ್ತಾರೆ ಎಂಬುದು ಅವರ ಸಿದ್ಧಾಂತ. ಈ ಸಿದ್ಧಾಂತಕ್ಕೆ ಇರುವ ಒಂದೇ ಒಂದು ಕೊರತೆಯೆಂದರೆ, ಅದು ಇಂದಿನವರೆಗೆ ಸ್ವತಃ ಎಂಜಿನಿಯರ ವಿಷಯದಲ್ಲಿ ಫಲಿಸಿಲ್ಲ.

ನಮ್ಮಲ್ಲಿ ರಾಯರೆಂಬವರು ಒಬ್ಬರಿದ್ದಾರೆ. ಬಹುಕಾಲ ಕೌಂಟರಿನ ಆ ಬದಿಯಲ್ಲಿ ನಿಂತು ನಿವೃತ್ತರಾದವರು. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಕೋಟನ್ನು ನೋಡುವುದಕ್ಕೆ ಕಣ್ಣು ಬೇಕು ಸ್ವಾಮಿ. ಯಾರನ್ನು ಮುಂದಕ್ಕೆ ಕಳುಹಿಸಬೇಕೆಂಬ ಪಟ್ಟಿ ತಯಾರಿಸುವುದು ಕಂಪ್ಯೂಟರು" ಎಂದರು.

ಟಿಕೆಟ್ ಕೊಂಡವರೆಲ್ಲರೂ ಬರುವುದಿಲ್ಲವೆಂಬುದು ವಿಮಾನ ಸಂಸ್ಥೆಗಳಿಗೆ ಅನುಭವದಿಂದ ಗೊತ್ತಿರುವ ಸಂಗತಿ. ಒಬ್ಬರ ಸಭೆ ಮುಂದಕ್ಕೆ ಹೋಗುತ್ತದೆ, ಇನ್ನೊಬ್ಬರ ಹಿಂದಿನ ವಿಮಾನ ತಡವಾಗುತ್ತದೆ. ಆ ಖಾಲಿತನವನ್ನು ಮೊದಲೇ ಅಂದಾಜು ಮಾಡಿ, ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುವುದೇ ಓವರ್‌ಬುಕಿಂಗ್. ಎಕಾನಮಿಯಲ್ಲಿ, ಎಂದರೆ ಹಿಂದಿನ ಅಗ್ಗದ ದರ್ಜೆಯಲ್ಲಿ, 200 ಸೀಟುಗಳಿದ್ದು 206 ಟಿಕೆಟ್ ಮಾರಿದ್ದಾರೆನ್ನಿ. ಆ ದಿನ ಯಾರಿಗೂ ಜ್ವರ ಬರಲಿಲ್ಲ, ಯಾರ ಸಭೆಯೂ ರದ್ದಾಗಲಿಲ್ಲ, ಇನ್ನೂರಾರು ಮಂದಿಯೂ ಪೆಟ್ಟಿಗೆ ಸಮೇತ ಹಾಜರಾದರು. ಮುಂದೆ ಬಿಸಿನೆಸ್ ಕ್ಲಾಸಿನಲ್ಲಿ ಎಂಟು ಸೀಟು ಖಾಲಿ ಇವೆ. ಈಗ ಸಂಸ್ಥೆಗೆ ಉಳಿಯುವುದು ಮೂರು ದಾರಿ: ಹಣ ಕೊಟ್ಟು ಆರು ಮಂದಿಯ ಮನವೊಲಿಸುವುದು, ಒಪ್ಪದ ಆರು ಮಂದಿಯನ್ನು ಬಿಟ್ಟು ಹೋಗುವುದು, ಇಲ್ಲವೇ ಆರು ಮಂದಿಯನ್ನು ಮುಂದಕ್ಕೆ ಕೂರಿಸುವುದು. ವಿಮಾನ ಮೇಲೇರಿದ ಮೇಲೆ ಖಾಲಿ ಸೀಟಿಗೆ ಬಿಡಿಗಾಸೂ ಹುಟ್ಟುವುದಿಲ್ಲವಾದ್ದರಿಂದ ಮೂರನೆಯ ದಾರಿಯೇ ಅಗ್ಗವಾದದ್ದು.

"ಅಂದರೆ, ಅವರಿಗೆ ಬೇಕಾಗಿರುವುದು ನಾನಲ್ಲ, ನಾನು ಕುಳಿತಿರುವ ಸೀಟು" ಎಂದರು ಮೇಷ್ಟ್ರು. ಅವರು ಪ್ರತಿಯೊಂದು ವಿಷಯದಲ್ಲಿಯೂ ನೊಂದುಕೊಳ್ಳುವ ಶಕ್ತಿಯುಳ್ಳವರು.

"ನಿಮ್ಮ ಸೀಟು ಬೇಕು, ನಿಮ್ಮನ್ನು ಎಲ್ಲಿಯಾದರೂ ಇಡಬೇಕಲ್ಲ, ಅದಕ್ಕೆ ಮುಂದಕ್ಕೆ ಕಳುಹಿಸುತ್ತಾರೆ" ಎಂದು ರಾಯರು ಇನ್ನಷ್ಟು ಸ್ಪಷ್ಟಪಡಿಸಿದರು.

ಇರುವ ಇನ್ನೂರಾರು ಮಂದಿಯಲ್ಲಿ ಆ ಆರು ಮಂದಿ ಯಾರು ಎಂಬುದೇ ಮಾತಿನ ತಿರುಳು. ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತವೆಯಾದರೂ ಮೊದಲ ಸಾಲಿನಲ್ಲಿ ನಿಲ್ಲುವವರು ಸಾಮಾನ್ಯವಾಗಿ ಆ ಸಂಸ್ಥೆಯ ಗೋಲ್ಡ್, ಪ್ಲಾಟಿನಂ ಸದಸ್ಯರು, ಎಂದರೆ ಮತ್ತೆ ಮತ್ತೆ ಅದೇ ಸಂಸ್ಥೆಗೆ ಹಣ ಸುರಿಯುವವರು. ಅವರಿಗೆ ಸಮಾಧಾನವಾದರೆ ನಾಳೆಯೂ ಬರುತ್ತಾರೆ, ಮುನಿಸಿಕೊಂಡರೆ ಎದುರಾಳಿ ಸಂಸ್ಥೆಗೆ ಹೋಗುತ್ತಾರೆ. ವರ್ಷಕ್ಕೊಮ್ಮೆ, ಅದೂ ಅತ್ಯಂತ ಅಗ್ಗದ ಟಿಕೆಟ್ ಹುಡುಕಿ ಹತ್ತುವ ನಮ್ಮಂಥವರು ಮುನಿಸಿಕೊಂಡರೂ ಮುಂದಿನ ವರ್ಷ ಅಗ್ಗದ ಟಿಕೆಟ್ ಎಲ್ಲಿದೆಯೋ ಅಲ್ಲಿಗೇ ಹೋಗುತ್ತೇವೆಂಬುದು ಅವರಿಗೆ ಗೊತ್ತು. ನಮ್ಮ ಮುನಿಸಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ.

ಸಮಾನ ದರ್ಜೆಯ ಸದಸ್ಯರು ಹಲವರಿದ್ದರೆ ಟಿಕೆಟಿನ ಮೇಲಿನ ಅಕ್ಷರವನ್ನು ನೋಡುತ್ತಾರೆ. ಇದನ್ನು ಕೇಳಿ ಮೇಷ್ಟ್ರು ಬೆಚ್ಚಿದರು. ಒಂದೇ ಸಾಲಿನಲ್ಲಿ ಮೊಣಕೈ ತಾಗಿಸಿಕೊಂಡು ಕುಳಿತ ಮೂವರೂ ಸಮಾನರೆಂದು ಅವರು ನಂಬಿದ್ದರು. ಆದರೆ ಆ ಮೂವರ ಟಿಕೆಟಿನಲ್ಲಿಯೂ ಬೇರೆ ಬೇರೆ ಅಕ್ಷರಗಳಿರಬಹುದು. ಎಕಾನಮಿಯ ಪೂರ್ಣ ದರ ತೆತ್ತವರಿಗೆ ಬಹುತೇಕ ಎಲ್ಲೆಡೆ 'ವೈ' ಅಕ್ಷರ; ರಿಯಾಯಿತಿ ಹೆಚ್ಚಿದಂತೆ ಅಕ್ಷರವೂ ಬದಲಾಗುತ್ತಾ ಹೋಗುತ್ತದೆ, ಆ ಕ್ರಮ ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಬಗೆ. "ಜೀವಮಾನವಿಡೀ ಅಕ್ಷರ ಕಲಿಸಿದವನು ನಾನು, ನನ್ನ ಟಿಕೆಟಿನಲ್ಲಿ ಯಾವ ಅಕ್ಷರವಿತ್ತೆಂದು ಒಮ್ಮೆಯೂ ನೋಡಲಿಲ್ಲವಲ್ಲ" ಎಂದು ಅವರು ಕೊರಗಿದರು. ನೋಡದಿದ್ದುದೇ ಒಳ್ಳೆಯದಾಯಿತೆಂದು ನನ್ನ ಅನಿಸಿಕೆ.

ಇವುಗಳ ಜೊತೆಗೆ ಚಿಲ್ಲರೆ ಅಡ್ಡಿಗಳೂ ಇವೆ. ಒಬ್ಬಂಟಿ ಪ್ರಯಾಣಿಕರನ್ನು ಎತ್ತಿ ಕೂರಿಸುವುದು ಸುಲಭ. ಒಂದೇ ಪಿಎನ್‌ಆರ್‌ನಲ್ಲಿ, ಎಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ, ಮಕ್ಕಳು ಮರಿಗಳೊಂದಿಗೆ ಐವರು ಹೊರಟಿದ್ದರೆ ಯಾರೂ ಆ ಗೊಡವೆಗೆ ಹೋಗುವುದಿಲ್ಲ. ವಿಶೇಷ ಊಟವನ್ನು ಮೊದಲೇ ಹೇಳಿದ್ದರೂ ಕೆಲವೆಡೆ ತೊಡಕು, ಏಕೆಂದರೆ ಆ ಪೊಟ್ಟಣ ಹಿಂದಿನ ಅಡುಗೆ ಕಟ್ಟೆಗೆ ತುಂಬಿಯಾಗಿರುತ್ತದೆ. ಇಲ್ಲಿ ಎಂಜಿನಿಯರ ಮುಖ ಸಪ್ಪಗಾಯಿತು. ತಮ್ಮನ್ನು ವಿಶೇಷ ವ್ಯಕ್ತಿಯೆಂದು ಗುರುತಿಸಲಿ ಎಂಬ ಉದ್ದೇಶದಿಂದ ಅವರು ಪ್ರತಿ ಬಾರಿಯೂ ವಿಶೇಷ ಊಟವನ್ನೇ ಹೇಳುತ್ತಿದ್ದರಂತೆ.

ಅಷ್ಟಕ್ಕೆ ಬಿಡದೆ ರಾಯರು ಕೋಟಿನ ವಿಷಯಕ್ಕೂ ಬಂದರು. ಉಡುಪಿನ ಕಟ್ಟಳೆ ಇದ್ದದ್ದು ಸಂಸ್ಥೆಯ ನೌಕರರ ಟಿಕೆಟಿನಲ್ಲಿ, ಸೀಟು ಉಳಿದರೆ ಮಾತ್ರ ಹತ್ತುವ ಷರತ್ತಿನ ಮೇಲೆ, ಹೋಗುವವರಿಗೆ. ಅಚ್ಚುಕಟ್ಟಾಗಿ ಉಡಬೇಕೆಂದು ಅನೇಕ ಸಂಸ್ಥೆಗಳು ಅವರಿಗೆ ಹೇಳುತ್ತಿದ್ದವು. ಓವರ್‌ಬುಕಿಂಗ್ ಆದ ದಿನ ಆ ಪಟ್ಟಿಯ ಕಟ್ಟಕಡೆಗೆ ನಿಲ್ಲುವವರೂ ಅವರೇ. "ಆದ್ದರಿಂದ ಎಂಜಿನಿಯರು ಕೋಟು ತೊಟ್ಟು ನಗುತ್ತಾ ಬಂದು ನನ್ನ ಹೆಸರು ಹಿಡಿದು ಮಾತನಾಡಿಸಿದ್ದರೆ, ಯಾರೋ ನೌಕರರ ಬೀಗರಿರಬೇಕೆಂದು ನಾನು ಇನ್ನಷ್ಟು ಹೊತ್ತು ಕಾಯಿಸುತ್ತಿದ್ದೆ" ಎಂದು ಅವರು ಅತ್ಯಂತ ವಿನಯದಿಂದ ಹೇಳಿದರು.

ನನಗೆ ಹೆಚ್ಚು ಹಿಡಿಸಿದ್ದು ಏಣಿಯ ಸಂಗತಿ. ನಡುವೆ ಪ್ರೀಮಿಯಂ ಎಕಾನಮಿ ಇರುವ ದೊಡ್ಡ ವಿಮಾನಗಳಲ್ಲಿ ಹಿಂದಿನವರನ್ನು ಒಮ್ಮೆಗೇ ಬಿಸಿನೆಸ್ ಕ್ಲಾಸಿಗೆ ಹಾರಿಸುವುದು ಅಪರೂಪ. ಎಕಾನಮಿಯವರು ಪ್ರೀಮಿಯಂಗೆ, ಪ್ರೀಮಿಯಂನವರು ಬಿಸಿನೆಸ್‌ಗೆ ಎಂದು ಪ್ರತಿಯೊಬ್ಬರೂ ಒಂದೊಂದೇ ಮೆಟ್ಟಿಲು ಏರುತ್ತಾರೆ. ಹೀಗೆ ಹಿಂದೆ ಒಂದು ಸೀಟು ತೆರವಾಗಲು ಇಬ್ಬರು ಕೃತಾರ್ಥರಾಗುತ್ತಾರೆ. ಇಬ್ಬರೂ ತಮ್ಮ ಯೋಗ್ಯತೆಯಿಂದಲೇ ಇದು ದೊರೆಯಿತೆಂದು ನಂಬಿರುತ್ತಾರೆ.

ಅಮೆರಿಕದ ರೀತಿಯೇ ಬೇರೆ. ಅಲ್ಲಿನ ದೊಡ್ಡ ಸಂಸ್ಥೆಗಳು ದೇಶದೊಳಗಿನ ವಿಮಾನಗಳಲ್ಲಿ, ಓವರ್‌ಬುಕಿಂಗ್ ಇರಲಿ ಬಿಡಲಿ, ಮುಂದೆ ಖಾಲಿ ಉಳಿದ ಸೀಟನ್ನು ತಮ್ಮ ಮೇಲ್ದರ್ಜೆಯ ಸದಸ್ಯರಿಗೆ ಕ್ರಮಾಂಕದ ಮೇಲೆ ಹಂಚುತ್ತವೆ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಆಡ್ವಾಂಟೇಜ್ ಎಂಬ ಸದಸ್ಯತ್ವ ಯೋಜನೆ ಆರಂಭಿಸಿದಾಗ ಲೆಕ್ಕ ಹಿಡಿಯುತ್ತಿದ್ದುದು ಹಾರಿದ ಮೈಲಿಗಳನ್ನು. 2022ರಿಂದ ಅಲ್ಲಿ ದರ್ಜೆ ನಿರ್ಧಾರವಾಗುವುದು ಲಾಯಲ್ಟಿ ಪಾಯಿಂಟ್ಸ್ ಎಂಬ ಅಂಕಗಳಿಂದ, ಆ ಅಂಕಗಳನ್ನು ಸಂಸ್ಥೆಯ ಕ್ರೆಡಿಟ್ ಕಾರ್ಡಿನಿಂದ ಸಾಮಾನು ಕೊಂಡೂ ಗಳಿಸಬಹುದು. ನೆಲ ಬಿಟ್ಟು ಮೇಲೇಳದೆಯೇ ವಿಮಾನ ನಿಷ್ಠೆಯನ್ನು ಸಾಬೀತುಪಡಿಸಬಹುದೆಂದು ತಿಳಿದು ಮೇಷ್ಟ್ರು ಮೊದಲ ಬಾರಿಗೆ ಗೆಲುವಾದರು.

ಇಷ್ಟು ಹೊತ್ತು ಸುಮ್ಮನಿದ್ದ ವಕೀಲರು ಕಾನೂನು ತೆಗೆದರು. 1972ರಲ್ಲಿ ಅಲಿಗೇನಿ ಏರ್‌ಲೈನ್ಸ್ ಸಂಸ್ಥೆಯು ಟಿಕೆಟ್ ಇದ್ದರೂ ಹತ್ತಿಸಿಕೊಳ್ಳದೆ ಬಿಟ್ಟುಹೋದದ್ದು ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ಅವರನ್ನು! ಆ ಮೊಕದ್ದಮೆ 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಯಾರನ್ನು ಬೇಕಾದರೂ ಬಿಟ್ಟುಹೋಗಿ, ಗ್ರಾಹಕ ಹೋರಾಟಗಾರರನ್ನು ಮಾತ್ರ ಬಿಡಬೇಡಿ ಎಂದು ಸಂಸ್ಥೆಗಳು ಅಂದೇ ಕಲಿತಿರಬೇಕು. ಪರಿಹಾರ ಮೊತ್ತವನ್ನು ಹರಾಜಿನಂತೆ ಕೂಗಿ, ಒಪ್ಪಿದವರನ್ನು ಇಳಿಸಿದರೆ ಜಗಳವೇ ಇರದೆಂದು ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ 1968ರಲ್ಲಿಯೇ ಬರೆದಿದ್ದರು. ತಾವಾಗಿಯೇ ಸೀಟು ಬಿಟ್ಟುಕೊಡುವವರಿದ್ದಾರೆಯೇ ಎಂದು ಮೊದಲು ಕೇಳಲೇಬೇಕೆಂಬ ನಿಯಮ ಅಮೆರಿಕದಲ್ಲಿ ಬಂದದ್ದು ಮಾತ್ರ 1978ರಲ್ಲಿ.

ಯುರೋಪಿನ 2004ರ 261ನೆಯ ನಿಯಮದ ಪ್ರಕಾರ ಸಂಸ್ಥೆಯೇ ಮೇಲಿನ ದರ್ಜೆಗೆ ಕೂರಿಸಿದರೆ ಹೆಚ್ಚಿನ ಹಣ ಕೇಳುವಂತಿಲ್ಲ. ಕೆಳಗಿನ ದರ್ಜೆಗೆ ತಳ್ಳಿದರೆ ದೂರವನ್ನು ನೋಡಿಕೊಂಡು ಟಿಕೆಟ್ ದರದ ಶೇ. 30, 50 ಅಥವಾ 75 ಭಾಗವನ್ನು ಮರಳಿಸಬೇಕು. ಇದನ್ನು ಕೇಳಿದ ಎಂಜಿನಿಯರು, ತಮ್ಮನ್ನು ಕೆಳಗೆ ತಳ್ಳಿಸಿಕೊಳ್ಳುವ ಉಪಾಯವೇನಾದರೂ ಇದೆಯೇ ಎಂದು ವಿಚಾರಿಸಿದರು. ತಳ್ಳುವುದಕ್ಕೆ ನೀವು ಮೊದಲು ಮೇಲಿರಬೇಕು ಎಂದು ವಕೀಲರು ಉತ್ತರಿಸಿದರು.

ಈಗ ಈ ಯೋಗವೂ ಕ್ಷೀಣಿಸುತ್ತಿದೆಯೆಂದರು ರಾಯರು. ಹೊರಡುವ ಕೆಲವು ದಿನ ಮುಂಚೆ, "ಇಷ್ಟು ಕೊಟ್ಟರೆ ಮುಂದಿನ ಸೀಟು, ನೀವೆಷ್ಟು ಕೊಡುತ್ತೀರಿ?" ಎಂದು ಎಕಾನಮಿಯವರಿಗೆ ಸಂದೇಶ ಕಳುಹಿಸಿ, ಬಿಡ್ ಕರೆದು, ಖಾಲಿ ಸೀಟುಗಳನ್ನು ಅನೇಕ ಸಂಸ್ಥೆಗಳು ಮಾರಿಬಿಡುತ್ತವೆ. ಬಿಟ್ಟಿಗೆ ಉಳಿಯುವುದು ಅಳಿದುಳಿದದ್ದು.

ಮೇಷ್ಟ್ರಿಗೆ ಮಾತ್ರ ಪಿಎನ್‌ಆರ್‌ನ ಚಿಂತೆ ಹೋಗಿರಲಿಲ್ಲ. ಅವರು ಯಾವಾಗಲೂ ಮನೆಯವರೊಂದಿಗೆ ಹೋಗುವವರು. "ನಾವಿಬ್ಬರೂ ಬೇರೆ ಬೇರೆಯಾಗಿ ಟಿಕೆಟ್ ಮಾಡಿಸಿದರೆ ನನಗೊಬ್ಬನಿಗೆ ಸಿಗಬಹುದಲ್ಲವೇ, ರಾಯರೇ?" ಎಂದು ದನಿ ತಗ್ಗಿಸಿ ಕೇಳಿದರು.

"ಖಂಡಿತ ಸಿಗಬಹುದು ಮೇಷ್ಟ್ರೇ. ಆದರೆ ಅಂಥ ಸಂದರ್ಭದಲ್ಲಿ ಸೀಟು ಬೇಡವೆಂದು ಹೇಳುವ ಹಕ್ಕೂ ಪ್ರಯಾಣಿಕರಿಗಿದೆ. ಗೇಟಿನಲ್ಲಿ ಹೊಸ ಬೋರ್ಡಿಂಗ್ ಪಾಸ್ ಕೈಗೆ ಕೊಟ್ಟಾಗ ಪಕ್ಕಕ್ಕೆ ತಿರುಗಿ ಒಂದು ಮುಖವನ್ನು ನೋಡಿ, ಅದನ್ನು ನನಗೇ ಹಿಂದಿರುಗಿಸಿದ ಪ್ಲಾಟಿನಂ ಸದಸ್ಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ" ಎಂದರು ರಾಯರು.