ಪ್ರಾಜೆಕ್ಟ್ ರಿಪೋರ್ಟಿನಲ್ಲಿ ‘ನೆಗೆಟಿವ್ ಎಫೆಕ್ಟ್’ ಅಂತ ಬರೆಯಬಹುದಾ?

ಹಿರಿಯೂರು_ಎಂಎಸ್ಸಿ
ಪರಿಸರ ವಿಜ್ಞಾನದ ಪ್ರಾಜೆಕ್ಟ್, ರಿಪೋರ್ಟ್ ಇಂಗ್ಲಿಷಿನಲ್ಲೇ ಕೊಡಬೇಕು. ವಿಷಯ: ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಸಾರಾಂಶದಲ್ಲಿ ‘ಫ್ಲೋರೈಡ್ ಹ್ಯಾಸ್ ನೆಗೆಟಿವ್ ಎಫೆಕ್ಟ್ಸ್ ಆನ್ ಹೆಲ್ತ್’ ಅಂತ ಬರೆದಿದ್ದೇನೆ. ಗೈಡ್ ‘ನೆಗೆಟಿವ್’ ಕೆಳಗೆ ಗೆರೆ ಎಳೆದಿದ್ದಾರೆ. ‘ಅಡ್ವರ್ಸ್’, ‘ಡೆಟ್ರಿಮೆಂಟಲ್’, ‘ಸೈಡ್ ಎಫೆಕ್ಟ್’, ಇವುಗಳಲ್ಲಿ ಯಾವುದು ಹಾಕಲಿ?

ಅಂಕಿಅಂಶ_ದಾವಣಗೆರೆ
ಗೆರೆ ಎಳೆದದ್ದು ಸರಿಯಾಗೇ ಇದೆ. ನ್ಯೂಸ್ ಪೇಪರಿನಲ್ಲಿ ‘ನೆಗೆಟಿವ್ ಎಫೆಕ್ಟ್’ ಅಂದ್ರೆ ಕೆಟ್ಟ ಪರಿಣಾಮ ಅಂತ ಯಾರಿಗಾದರೂ ತಿಳಿಯುತ್ತೆ. ಆದರೆ ಅಂಕಿಅಂಶದಲ್ಲಿ ಅದಕ್ಕೆ ‘ಒಂದು ಏರಿದರೆ ಇನ್ನೊಂದು ಇಳಿಯುತ್ತೆ’ ಅನ್ನೋ ಅರ್ಥವೂ ಇದೆ. ಫ್ಲೋರೈಡ್ ಹಿಡಿದಿಡುವ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಹಾಕಿದ ಮೇಲೆ ನೀರಿನ ಫ್ಲೋರೈಡ್ ಇಳಿದರೆ, ಫಿಲ್ಟರಿಗೆ ಫ್ಲೋರೈಡ್ ಮೇಲೆ ‘ನೆಗೆಟಿವ್ ಎಫೆಕ್ಟ್’ ಇದೆ ಅಂತಲೇ ಬರೆಯೋದು. ಊರಿಗೆ ಅದು ಒಳ್ಳೆಯದೇ ತಾನೆ? ಒಂದೇ ರಿಪೋರ್ಟಿನಲ್ಲಿ ಎರಡೂ ಬಂದರೆ ಓದುವವರು ತಬ್ಬಿಬ್ಬಾಗ್ತಾರೆ. ಹಾನಿ ಅಂತ ಹೇಳುವಲ್ಲಿ ‘ಅಡ್ವರ್ಸ್’ ಹಾಕಿ, ಏರಿಳಿತಕ್ಕೆ ‘ನೆಗೆಟಿವ್’ ಮೀಸಲಿಡಿ.

ದಂತವೈದ್ಯೆ_ದುರ್ಗ
‘ಸೈಡ್ ಎಫೆಕ್ಟ್’ ಇಲ್ಲಿ ಹೊಂದೋದಿಲ್ಲ. ಯಾವುದೋ ಉದ್ದೇಶಕ್ಕೆ ಔಷಧ ಕೊಟ್ಟಾಗ ಅದರ ಜೊತೆಗೆ ಬರುವ ಬೇರೆ ಪರಿಣಾಮಕ್ಕೆ ಆ ಹೆಸರು. ಬೋರ್‌ವೆಲ್ ನೀರಿನ ಫ್ಲೋರೈಡನ್ನು ಯಾರೂ ಚಿಕಿತ್ಸೆಗೆ ಅಂತ ಕೊಡುತ್ತಿಲ್ಲ.

ಪದಕ್ಕಿಂತ ದೊಡ್ಡ ದೋಷ ವಾಕ್ಯದಲ್ಲೇ ಇದೆ: ಪ್ರಮಾಣವೇ ಇಲ್ಲ. ಮಿತವಾದ ಫ್ಲೋರೈಡ್ ಹಲ್ಲು ಹುಳುಕಾಗದಂತೆ ಕಾಯುತ್ತೆ. ಹಾಗಾಗಿ ‘ಫ್ಲೋರೈಡ್ ಕೆಟ್ಟದ್ದು’ ಅಂತ ಬರೆದರೆ ತಪ್ಪೇ ಆಗುತ್ತೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500:2012ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1.0 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರ ತನಕ ಒಪ್ಪಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿಯೂ 1.5. ಈ ಅಂಕಿ ಇಲ್ಲದೆ ‘ಅಡ್ವರ್ಸ್’ ಅಂದರೆ ಅದಕ್ಕೆ ಆಧಾರ ಇರಲ್ಲ.

‘ಹೆಲ್ತ್’ ಅನ್ನೋದನ್ನೂ ಬಿಡಿಸಿ ಬರೆಯಿರಿ. ಹಲ್ಲಿನ ಎನಾಮಲ್ (ಗಟ್ಟಿ ಹೊರಪದರ) ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದ ಒಳಗೆ, ಹೆಚ್ಚು ಫ್ಲೋರೈಡ್ ದೇಹಕ್ಕೆ ಹೋದರೆ ದಂತ ಫ್ಲೋರೋಸಿಸ್: ಮೊದಲು ಸುಣ್ಣ ಬಳಿದಂಥ ಬಿಳಿ ಗೆರೆ, ತೀವ್ರವಾದರೆ ಕಂದು ಕಲೆ, ಗುಳಿ. ದೊಡ್ಡವರಾದ ಮೇಲೆ ಊರಿಗೆ ಬಂದು ಅದೇ ನೀರು ಕುಡಿದವರಿಗೆ ಹಲ್ಲಿನಲ್ಲಿ ಇದು ಬರಲ್ಲ. ಬಹಳ ವರ್ಷ ಹೆಚ್ಚಿನ ಪ್ರಮಾಣ ಸೇರಿದರೆ ಮೂಳೆ, ಕೀಲು ಬಿಗಿಯುತ್ತವೆ. ಎರಡೂ ಬೇರೆ ಬೇರೆ ಪರಿಣಾಮ, ಒಂದೇ ಸಾಲಿಗೆ ತುರುಕಬೇಡಿ.

ಕರಡು_ತಿದ್ದುವವ
ವ್ಯಾಕರಣದ ಮಾತು. ‘ಅಡ್ವರ್ಸ್ ಎಫೆಕ್ಟ್’ ಮುಂದೆ ‘ಆನ್’, ‘ಡೆಟ್ರಿಮೆಂಟಲ್’ ಮುಂದೆ ‘ಟು’. ಕ್ರಿಯಾಪದ ಬೇಕಾದರೆ ‘ಅಡ್ವರ್ಸ್ಲಿ ಅಫೆಕ್ಟ್’. ಕ್ರಿಯಾಪದದ ಮೊದಲ ಅಕ್ಷರ ಇಂಗ್ಲಿಷಿನ ‘a’, ನಾಮಪದದ್ದು ‘e’. ‘ಡಿ’ ಬಿಟ್ಟು ‘ಅವರ್ಸ್’ ಅಂತ ಟೈಪ್ ಆದರೆ ಅರ್ಥವೇ ಬೇರೆ, ಅದು ಮನುಷ್ಯರ ಒಲ್ಲದ ಮನಸ್ಸಿಗೆ ಹೇಳೋದು. ಕಂಪ್ಯೂಟರಿನ ಸ್ಪೆಲ್ ಚೆಕ್ ಇದನ್ನು ಸಾಮಾನ್ಯವಾಗಿ ಹಿಡಿಯಲ್ಲ, ಎರಡೂ ಸರಿಯಾದ ಪದಗಳೇ ನೋಡಿ.

‘ಕ್ಲಿಯರ್ಲಿ’ ಸೇರಿಸೋ ಆಸೆ ಬೇಡ. ಒಂದೇ ಸಲ ಹಳ್ಳಿಗೆ ಹೋಗಿ ನೀರು, ಹಲ್ಲು ಎರಡನ್ನೂ ನೋಡಿ ಬಂದ ಸಮೀಕ್ಷೆಯಾದರೆ ನಿಮ್ಮ ಫಲಿತಾಂಶಕ್ಕೆ ‘ಅಸೋಸಿಯೇಟೆಡ್ ವಿತ್’ ಅನ್ನೋದೇ ಸರಿ. ‘ಕಾಸ್ಡ್ ಬೈ’ ಅನ್ನೋಕೆ ಅಷ್ಟು ಸಾಕ್ಷಿ ಸಾಲದು.

ಹಿರಿಯೂರು_ಎಂಎಸ್ಸಿ
ತಿದ್ದಿದ್ದು: ‘ಲಾಂಗ್-ಟರ್ಮ್ ಇಂಟೇಕ್ ಆಫ್ ವಾಟರ್ ವಿತ್ ಫ್ಲೋರೈಡ್ ಅಬೌವ್ 1.5 ಪಿಪಿಎಂ ಕ್ಯಾನ್ ಅಡ್ವರ್ಸ್ಲಿ ಅಫೆಕ್ಟ್ ಟೀತ್ ಅಂಡ್ ಬೋನ್ಸ್.’ ಆಯ್ತಾ?

ದಂತವೈದ್ಯೆ_ದುರ್ಗ
ಬಹಳ ಚೆನ್ನಾಗಿ ಬಂತು. ‘ಟೀತ್’ ಹಿಂದೆ ‘ಡೆವಲಪಿಂಗ್’ ಸೇರಿಸಿ. ಕುಡಿಯುವ ನೀರಿನ ಮಟ್ಟಿಗೆ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ ಅನ್ನೋ ಅಳತೆ), ಲೀಟರಿಗೆ ಮಿಲಿಗ್ರಾಂ ಎರಡೂ ಒಂದೇ ಅಂದರೂ ನಡೆಯುತ್ತೆ. ಆದರೂ ಲ್ಯಾಬ್ ವರದಿಯಲ್ಲಿ ಮಿಲಿಗ್ರಾಂ ಇದ್ದರೆ ನಿಮ್ಮ ಕೋಷ್ಟಕದಲ್ಲೂ ವಾಕ್ಯದಲ್ಲೂ ಅದನ್ನೇ ಇಡಿ.