ರೀಲಿಂಗ್ ಶೆಡ್‌ನಲ್ಲಿ ಕೆಫೆ ಮಾಡಿದ್ದೇವೆ, ಆದ್ರೂ ಗೋಡೌನ್ ಥರಾನೇ ಇದೆ

ಪ್ರಶ್ನೆ: ಮೇಡಂ, ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ ಅಪ್ಪನ ಹಳೇ ರೇಷ್ಮೆ ರೀಲಿಂಗ್ ಶೆಡ್ ಇದೆ, ಗೂಡಿನಿಂದ ನೂಲು ತೆಗೆಯುತ್ತಿದ್ದ ಜಾಗ. 60 ಅಡಿ ಉದ್ದ, 30 ಅಡಿ ಅಗಲ. ಮೇಲೆ ಸೂರು ಹೊರುವ ಕಬ್ಬಿಣದ ಟ್ರಸ್, ಸಿಮೆಂಟ್ ಶೀಟು. ಗಾರೆ ಕೆತ್ತಿಸಿ ಇಟ್ಟಿಗೆ ಕಾಣಿಸಿದ್ದೇನೆ, ನೆಲಕ್ಕೆ ಸಿಮೆಂಟ್ ಪಾಲಿಶ್. ಫೋಟೋದಲ್ಲಿ ಚೆನ್ನಾಗಿದೆ. ಆದರೆ ಸಂಜೆ ಬಂದವರು ಕಾಫಿ ಕುಡಿದು ಹತ್ತೇ ನಿಮಿಷಕ್ಕೆ ಎದ್ದು ಹೋಗುತ್ತಾರೆ. ಎಂಟು ಜನ ಕೂತರೆ ಸಂತೆ ಥರ ಸದ್ದು. ಇನ್ನೂ ಸಾಮಾನು ತುಂಬಬೇಕಾ?

ಉತ್ತರ: ಬೇಡ ಸರ್, ಬೆಳಕು ಕೆಳಗಿಳಿಸಿ. ನೀವು ಗುಂಪಿನಲ್ಲಿ ಹಾಕಿರುವ ಫೋಟೋದಲ್ಲಿ ಟ್ರಸ್‌ಗೆ ಸಾಲಾಗಿ ಬಿಳಿ ಟ್ಯೂಬ್‌ಲೈಟ್ ಇವೆ. ರೀಲಿಂಗ್ ಮಾಡುವವರಿಗೆ ಅದು ಬೇಕಿತ್ತು, ಎಳೆ ಕಾಣಬೇಕಲ್ಲ. ಕಾಫಿ ಕುಡಿಯುವವರಿಗೆ ಬೇಡ. ಅಷ್ಟು ಮೇಲಿಂದ ಬಿದ್ದರೆ ಎಲ್ಲರ ಕಣ್ಣಿನ ಕೆಳಗೂ ಕಪ್ಪು.

ಪ್ರತಿ ಟೇಬಲ್ ಮೇಲೆ ಒಂದೊಂದು ದೀಪ ಇಳಿಬಿಡಿ. ಟೇಬಲ್‌ನಿಂದ ಸುಮಾರು ಎರಡೂವರೆ ಅಡಿ ಮೇಲೆ ಇರಲಿ, ಬಲ್ಬ್ ಕಣ್ಣಿಗೆ ಹೊಡೆಯಬಾರದು. 2700 ಕೆಲ್ವಿನ್‌ನ, ಅಂದ್ರೆ ಹಳದಿ ಛಾಯೆಯ ಬಲ್ಬ್ ಕೇಳಿ, ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವ ಅಳತೆ) 90 ಇದ್ದರೆ ತಟ್ಟೆಯಲ್ಲಿರುವ ತಿಂಡಿಯ ಬಣ್ಣ ಸರಿಯಾಗಿ ಕಾಣುತ್ತದೆ. ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಹಾಕಿಸುವುದಾದರೆ ಬಲ್ಬೂ ಡಿಮ್ ಆಗುವಂಥದ್ದೇ ಇರಬೇಕು, ಇಲ್ಲದಿದ್ದರೆ ಮಿಣಮಿಣ ಅನ್ನುತ್ತದೆ. ಇಟ್ಟಿಗೆ ಗೋಡೆಗೆ ಅರ್ಧ ಅಡಿ ದೂರದಲ್ಲಿ, ಕೆಳಗಿನಿಂದ ಮೇಲಕ್ಕೆ ಬೆಳಕು ಬಿಡಿ. ಇಟ್ಟಿಗೆಯ ಒಂದೊಂದು ಅಂಚೂ ಎದ್ದು ಕಾಣುತ್ತದೆ. ಟ್ರಸ್ ಕತ್ತಲಲ್ಲೇ ಇರಲಿ.

ಸದ್ದು ಬೇರೆ ಕಥೆ. ಶೆಡ್ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ, ಸದ್ದು ತಿರುಗಿ ಬರುತ್ತದೆ. ಇಟ್ಟಿಗೆ, ಸಿಮೆಂಟು, ಶೀಟು, ಮೆತ್ತಗಿರುವುದು ಒಂದೂ ಇಲ್ಲ. ಒಂದು ಗೋಡೆ ಉದ್ದಕ್ಕೂ ಎತ್ತರದ ಬೆನ್ನಿನ, ದಪ್ಪ ಬಟ್ಟೆಯ ಬೆಂಚು ಹಾಕಿ. ಬೆನ್ನಿಗೆ ಆಸರೆ ಸಿಕ್ಕರೆ ಜನ ಜಾಸ್ತಿ ಹೊತ್ತು ಕೂರುತ್ತಾರೆ. ಸದ್ದು ಹೀರುವ ರಾಕ್‌ವುಲ್ (ಕಲ್ಲಿನ ನಾರು) ಹಲಗೆಗಳಿಗೆ ಬಟ್ಟೆ ಹೊದಿಸಿ, ಮೇಲೆ ಟ್ರಸ್‌ನಿಂದ ಇಳಿಬಿಡಿ.

ಪ್ರಶ್ನೆ: ರಾಕ್‌ವುಲ್ ಬದಲು ಚಂದ್ರಿಕೆ, ಅದೇ ರೇಷ್ಮೆ ಹುಳು ಗೂಡು ಕಟ್ಟೋ ಬಿದಿರಿನ ತಟ್ಟಿ, ಆಗುತ್ತಾ ಮೇಡಂ? ಅಟ್ಟದ ಮೇಲೆ ಇಪ್ಪತ್ತು ಬಿದ್ದಿವೆ. ಈಗ ತುಂಬ ಜನ ಅದರ ಬದಲು ಪ್ಲಾಸ್ಟಿಕ್ ನೇತ್ರಿಕೆಗೆ ಹೋಗಿದ್ದಾರೆ.

ಉತ್ತರ: ಅಯ್ಯೋ, ಇದನ್ನ ಮೊದಲೇ ಹೇಳಬಾರದಾ! ಒಂಬತ್ತು, ಹತ್ತು ಅಡಿ ಎತ್ತರದಲ್ಲಿ ಅಡ್ಡಡ್ಡಲಾಗಿ ತೂಗುಹಾಕಿ. ಆ ಸುರುಳಿ ಬಿದಿರಿನ ಪಟ್ಟಿಗಳ ಮೇಲೆ ಕೆಳಗಿನಿಂದ ಬೆಳಕು ಬಿದ್ದರೆ ಶೀಟಿನ ತುಂಬ ನೆರಳಿನ ರಂಗೋಲಿ. ಆದರೆ ಸುಮ್ನೆ ಬಿದಿರು ಸದ್ದು ಹೀರುವುದಿಲ್ಲ, ಅವುಗಳ ಹಿಂದೆ ಅಲ್ಲಲ್ಲಿ ರಾಕ್‌ವುಲ್ ಇರಲೇಬೇಕು. ಚಂದ್ರಿಕೆಗಳನ್ನ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ, ಬೋರಾಕ್ಸ್, ಬೋರಿಕ್ ಆಸಿಡ್ ನೀರಲ್ಲಿ ಅದ್ದಿ. ಇಲ್ಲಾಂದ್ರೆ ಹುಳು ಕೊರೆದು ಕಾಫಿ ಲೋಟಕ್ಕೆ ಪುಡಿ ಉದುರುತ್ತದೆ. ಒಮ್ಮೆ ನನ್ನದೇ ಕೆಲಸದಲ್ಲಿ ಉದುರಿತ್ತು, ಮುಖ ಎತ್ತಿ ಮಾತಾಡೋಕಾಗಲಿಲ್ಲ. ಅಡುಗೆಮನೆ ಕಡೆ ಮಾತ್ರ ಕಟ್ಟಬೇಡಿ, ಬಿದಿರಿಗೆ ಬೆಂಕಿ ಬೇಗ ಹತ್ತುತ್ತದೆ.

ಇನ್ನೊಬ್ಬ ಸದಸ್ಯರು: ಶೀಟಿಗೇ ತೂತು ಹೊಡೆದು ಕೊಂಡಿ ಹಾಕಬಹುದಾ?

ಉತ್ತರ: ಬೇಡವೇ ಬೇಡ. ಹಳೇ ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ಆಸ್ಬೆಸ್ಟಾಸ್ ಇರುತ್ತದೆ, ತೂತು ಹೊಡೆದರೆ, ಉಜ್ಜಿದರೆ ಬರುವ ಧೂಳು ಶ್ವಾಸಕೋಶಕ್ಕೆ ಅಪಾಯ. ತೂಕ ಎಲ್ಲಾ ಟ್ರಸ್ ಮೇಲೇ ಬೀಳಲಿ, ಅದನ್ನೂ ಕಟ್ಟುವ ಮುಂಚೆ ಇಂಜಿನಿಯರ್‌ಗೆ ತೋರಿಸಿ.

ಪ್ರಶ್ನೆ: ಸರಿ ಮೇಡಂ. ಇವತ್ತೇ ಮೂಲೆಯ ಟೇಬಲ್‌ಗೆ ಒಂದು ದೀಪ ಇಳಿಬಿಡುತ್ತೇನೆ.

ಉತ್ತರ: ಬಿಡಿ. ಟ್ಯೂಬ್‌ಲೈಟ್ ಆರಿಸೋದು ಮರೀಬೇಡಿ, ಆಮೇಲೆ ಫೋಟೋ ಹಾಕಿ.