ಅಲಾಸ್ಕಾದ ಮೆಕಾರ್ಥಿಗೆ ಹೋಗೋದು ಹೇಗೆ? ಬಾಡಿಗೆ ಕಾರೋ, ವ್ಯಾನೋ, ಪುಟ್ಟ ವಿಮಾನವೋ?

ದೂರದಾರಿ:
ಜುಲೈನಲ್ಲಿ ನಾವು ನಾಲ್ಕು ಜನ ಅಲಾಸ್ಕಾಗೆ ಹೋಗುತ್ತಿದ್ದೇವೆ. ನಾನು, ಹೆಂಡತಿ, ಅಪ್ಪ, ಅಮ್ಮ. ಅಪ್ಪನಿಗೆ ಹಳೆಯ ಗಣಿ, ಹಳೆಯ ರೈಲುದಾರಿ ಅಂದ್ರೆ ಪ್ರಾಣ. ರ‍್ಯಾಂಗೆಲ್ ಸೇಂಟ್ ಇಲಾಯಸ್ ರಾಷ್ಟ್ರೀಯ ಉದ್ಯಾನದ ಒಳಗೆ ಮೆಕಾರ್ಥಿ ಅಂತ ಒಂದು ಪುಟ್ಟ ಊರಿದೆ. ಅದರ ಮೇಲೆ ಕೆನೆಕಾಟ್ ತಾಮ್ರದ ಗಣಿ. ಅದನ್ನು ನೋಡದೆ ಬರುವುದಿಲ್ಲ ಎಂದು ಅಪ್ಪ ಕೂತಿದ್ದಾರೆ.

ಆಂಕರೇಜ್‌ನಿಂದ ಸುಮಾರು 500 ಕಿಲೋಮೀಟರ್. ದಾರಿಯಲ್ಲಿ ಸಿಗುವ ಚಿಟಿನಾ ಎಂಬ ಊರಿನವರೆಗೆ ಡಾಂಬರು ರಸ್ತೆ. ಅಲ್ಲಿಂದ ಮುಂದಿನ 60 ಮೈಲಿ, ಅಂದರೆ 96 ಕಿಲೋಮೀಟರ್, ಬಹುಪಾಲು ಜಲ್ಲಿ ರಸ್ತೆ. ನಾವು ಬುಕ್ ಮಾಡಿರುವ ಬಾಡಿಗೆ ಕಾರಿನ ಕರಾರಿನಲ್ಲಿ ಜಲ್ಲಿ ರಸ್ತೆಗೆ ಒಯ್ಯಬಾರದು ಎಂದು ಬರೆದಿದೆ. ಅಮ್ಮನಿಗೆ ಮಂಡಿನೋವು ಬೇರೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಗಾಲಿ:
ಕಾರಿನಲ್ಲೇ ಹೋಗಿ. ಆ ರಸ್ತೆಯ ಬಗ್ಗೆ ಹೆದರಿಸುವವರು ಜಾಸ್ತಿ. ಒಣಗಿದ ದಿನ ಸಾಧಾರಣ ಕಾರುಗಳೂ ಹೋಗುತ್ತವೆ. ನಿಮ್ಮ ಅಪ್ಪನಿಗೆ ರೈಲುದಾರಿ ಇಷ್ಟ ಅಂದ್ರಲ್ಲ, ಆ ರಸ್ತೆಯೇ ರೈಲುದಾರಿ! ಗಣಿಯ ತಾಮ್ರವನ್ನು ಕಾರ್ಡೋವಾ ಬಂದರಿಗೆ ಸಾಗಿಸಲು ಹಾಕಿದ್ದ ಹಳಿ 1911ರಲ್ಲಿ ಮುಗಿಯಿತು, 1938ರಲ್ಲಿ ನಿಂತಿತು. ಈಗಿನ ರಸ್ತೆ ಆ ಹಳಿಯ ಪಾತಳಿಯ ಮೇಲೇ ಇದೆ. ದಾರಿಯಲ್ಲಿ ಸಿಗುವ ಕುಸ್ಕುಲಾನಾ ಸೇತುವೆ 1910ರದ್ದು, ನದಿಯಿಂದ 238 ಅಡಿ ಎತ್ತರ, ಒಂದೇ ಗಾಡಿ ದಾಟುವಷ್ಟು ಅಗಲ. ಅದರ ಮೇಲೆ ನಿಧಾನವಾಗಿ ಹೋಗುವಾಗ ಎದೆ ಝಲ್ಲೆನ್ನುತ್ತದೆ. ಇನ್ನೂ ಮುಂದೆ ಗಿಲಹೀನಾ ನದಿಯ ಹತ್ತಿರ ಮರದ ಹಳೆಯ ರೈಲುಸೇತುವೆ ಮುರಿದು ನಿಂತಿದೆ. ವ್ಯಾನಿನಲ್ಲಿ ಹೋದರೆ ಇಲ್ಲೆಲ್ಲ ನಿಮಗೆ ಬೇಕಾದಷ್ಟು ಹೊತ್ತು ನಿಲ್ಲಲು ಆಗುತ್ತಾ?

ಕಣಿವೆ:
ಗಾಲಿ ಅವರೇ, ರಸ್ತೆ ಚೆಂದ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಕೇಳಿದ್ದು ಕರಾರಿನ ಬಗ್ಗೆ. ನೀವು ಅದನ್ನು ಮುಟ್ಟಲೇ ಇಲ್ಲ.

ಆ ರಸ್ತೆಯಲ್ಲಿ ಜೀವಕ್ಕೆ ಅಪಾಯ ಕಡಿಮೆ, ಟೈರಿಗೆ ಅಪಾಯ ಜಾಸ್ತಿ. ಚೂಪು ಕಲ್ಲು ಒಂದು ಕಡೆ. ಹಳಿ ಕಿತ್ತ ಮೇಲೆ ಮಣ್ಣಿನಲ್ಲೇ ಉಳಿದ ಕಬ್ಬಿಣದ ಮೊಳೆಗಳು ಇನ್ನೊಂದು ಕಡೆ. ಪ್ರತಿ ಚಳಿಗಾಲ ನೆಲ ಹೆಪ್ಪುಗಟ್ಟಿ ಉಬ್ಬಿದಾಗ ಅವು ಮೇಲಕ್ಕೆ ಬರುತ್ತವೆ. ಸಂಬಂಧಿಕರೊಬ್ಬರ ಬಾಡಿಗೆ ಕಾರಿನ ಟೈರು ಅಲ್ಲೇ ಸೀಳಿತು. ಡಿಕ್ಕಿಯಲ್ಲಿದ್ದದ್ದು ಸಣ್ಣ ಸ್ಪೇರ್ ಟೈರು. ಕಂಪನಿಗೆ ಫೋನ್ ಮಾಡೋಣ ಅಂದ್ರೆ ದಾರಿಯ ಬಹುಪಾಲು ಸಿಗ್ನಲ್ಲೇ ಇಲ್ಲ. ಕೊನೆಗೆ ಫೋನ್ ಸಿಕ್ಕಾಗ ಕಂಪನಿ ಕೈ ತೊಳೆದುಕೊಂಡಿತು. ಎಳೆದು ತಂದ ಖರ್ಚೆಲ್ಲ ಅವರದೇ ತಲೆಗೆ. ಕರಾರು ಮುರಿದರೆ ಅದರ ಜೊತೆ ಕೊಂಡ ವಿಮೆಯ ರಕ್ಷಣೆ ಕೂಡ ಸಾಮಾನ್ಯವಾಗಿ ಹೋಗುತ್ತದೆ. ಕ್ರೆಡಿಟ್ ಕಾರ್ಡ್‌ನವರು ಕೊಡುವ ವಿಮೆಯೂ ಅಷ್ಟೇ.

ಗಾಲಿ:
ಒಬ್ಬರ ಟೈರು ಸೀಳಿತು ಅಂತ ಎಲ್ಲರೂ ಮನೆಯಲ್ಲಿ ಕೂರಬೇಕಾ? ನಿಧಾನವಾಗಿ ಹೋದರೆ ಏನೂ ಆಗಲ್ಲ. ವೇಗದ ಮಿತಿಯೇ ಗಂಟೆಗೆ 35 ಮೈಲಿ. ಎರಡೂವರೆ ಮೂರು ಗಂಟೆ ಇಟ್ಟುಕೊಂಡರೆ ಆರಾಮಾಗಿ ತಲುಪಬಹುದು.

ತುಂಗೆ:
ಒಂದು ನಿಮಿಷ. ಜಲ್ಲಿ ರಸ್ತೆಗೆ ಒಪ್ಪಿಗೆ ಕೊಟ್ಟೇ ಕಾರು ಬಾಡಿಗೆಗೆ ಕೊಡುವ ಕಂಪನಿಗಳು ಆಂಕರೇಜ್‌ನಲ್ಲಿ ಇವೆ. ಬಾಡಿಗೆ ಜಾಸ್ತಿ, ಆದರೆ ಎಲ್ಲವೂ ನೇರ. ಗಾಲಿ ಅವರು ಹೇಳುವ ಸಂತೋಷ ಬೇಕಿದ್ದರೆ ಈ ದಾರಿ ಹಿಡಿಯಿರಿ. ಯಾವ ಯಾವ ರಸ್ತೆಗೆ ಒಪ್ಪಿಗೆ ಇದೆ ಎಂದು ಹೆಸರು ಹಿಡಿದು ಬರೆಸಿಕೊಳ್ಳಿ. ಪೂರ್ತಿ ಗಾತ್ರದ ಸ್ಪೇರ್ ಟೈರು, ಜ್ಯಾಕು ಇದೆಯಾ ಎಂದು ಕಾರು ತೆಗೆದುಕೊಳ್ಳುವ ಮೊದಲೇ ಡಿಕ್ಕಿ ತೆಗೆದು ನೋಡಿ. ಜುಲೈಗೆ ಈ ಕಾರುಗಳು ಬೇಗ ಮುಗಿದುಹೋಗುತ್ತವೆ.

ದೂರದಾರಿ:
ಅದನ್ನು ವಿಚಾರಿಸಿದೆ. ನಮ್ಮ ದಿನಗಳಿಗೆ ಅಂಥ ಕಾರು ಖಾಲಿ ಇಲ್ಲ. ಉಳಿದಿರೋದು ವ್ಯಾನು ಅಥವಾ ವಿಮಾನ. ಇನ್ನೊಂದು ಪ್ರಶ್ನೆ. ರಸ್ತೆ ಊರಿನವರೆಗೆ ಹೋಗೋದೇ ಇಲ್ಲ ಅಂತ ಎಲ್ಲೋ ಓದಿದೆ. ನಿಜವಾ?

ತುಂಗೆ:
ನಿಜ. ಸಾರ್ವಜನಿಕರ ರಸ್ತೆ ಕೆನಿಕಾಟ್ ನದಿಯ ದಡದಲ್ಲಿ ಮುಗಿಯುತ್ತದೆ. ಕಾರು ಅಲ್ಲೇ ಬಿಟ್ಟು ಕಾಲುಸೇತುವೆ ದಾಟಬೇಕು. ಈ ಸೇತುವೆ 1997ರದ್ದು. ಅದಕ್ಕೂ ಮೊದಲು ತಂತಿಗೆ ನೇತುಹಾಕಿದ ತೊಟ್ಟಿಯಲ್ಲಿ ಕೂತು, ಕೈಯಿಂದ ಹಗ್ಗ ಎಳೆದುಕೊಂಡು ನದಿ ದಾಟುತ್ತಿದ್ದರು. ಗಾಡಿ ಓಡಾಡುವ ಸೇತುವೆಯೂ ಒಂದಿದೆ, ಆದರೆ ಅದು ಖಾಸಗಿ, ಪ್ರವಾಸಿಗರಿಗಲ್ಲ.

ಸೇತುವೆಯ ಆಚೆ ಮೆಕಾರ್ಥಿಗೆ ಸ್ವಲ್ಪ ನಡಿಗೆ. ಗಣಿಯ ಊರು ಕೆನೆಕಾಟ್ ಇನ್ನೂ ಸುಮಾರು ಐದು ಮೈಲಿ, ಏರುದಾರಿ. ಆ ಎರಡರ ನಡುವೆ ಸ್ಥಳೀಯ ವ್ಯಾನುಗಳು ಓಡಾಡುತ್ತವೆ. ಅಮ್ಮ ನಡೆಯಬೇಕಿಲ್ಲ. ಆದರೆ ಉಳಿಯುವ ಜಾಗದವರಿಗೆ ಇವತ್ತೇ ಒಂದು ಮಾತು ಹೇಳಿಬಿಡಿ. ನೀವು ಎಷ್ಟು ಹೊತ್ತಿಗೆ ಬರುತ್ತೀರಿ, ಸೂಟ್‌ಕೇಸು ಎಷ್ಟು, ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುತ್ತದೋ ಇಲ್ಲವೋ, ಎಲ್ಲ. ದೊಡ್ಡ ಸೂಟ್‌ಕೇಸು ಆಂಕರೇಜ್‌ನಲ್ಲೇ ಬಿಟ್ಟು ಬನ್ನಿ. ಸೇತುವೆಯ ಮೇಲೆ ಅದನ್ನು ಎಳೆಯುವ ಕೆಲಸ ಅಪ್ಪನ ಪಾಲಿಗೆ ಬರಬಾರದು.

ಹಿಮಹಕ್ಕಿ:
ವಿಮಾನದಲ್ಲಿ ಹೋದರೆ ಸೇತುವೆಯ ತಾಪತ್ರಯವೇ ಇಲ್ಲ. ಮೆಕಾರ್ಥಿಯ ಏರ್‌ಸ್ಟ್ರಿಪ್ ನದಿಯ ಆಚೆ ಬದಿಗೇ ಇದೆ. ಚಿಟಿನಾದಿಂದ ಸುಮಾರು ಅರ್ಧ ಗಂಟೆ. ನಿಮ್ಮ ಬಾಡಿಗೆ ಕಾರು ಚಿಟಿನಾವರೆಗೆ ಡಾಂಬರಿನ ಮೇಲೇ ಹೋಗುತ್ತದೆ, ಕರಾರೂ ಮುರಿಯಲ್ಲ. ಈ ಉದ್ಯಾನ ಸುಮಾರು 53,000 ಚದರ ಕಿಲೋಮೀಟರ್, ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲೇ ದೊಡ್ಡದು. ಇಷ್ಟು ದೊಡ್ಡ ಕಾಡಿನೊಳಕ್ಕೆ ಇರುವ ರಸ್ತೆ ಎರಡೇ. ಅದರ ಗಾತ್ರ ಎಂಥದ್ದು ಎಂದು ಮೇಲಿನಿಂದ ನೋಡಿದರೇ ತಿಳಿಯೋದು.

ಆದರೆ ಇವು ಪುಟ್ಟ ವಿಮಾನಗಳು. ಪ್ರಯಾಣಿಕರ ತೂಕ, ಬ್ಯಾಗಿನ ತೂಕ ಎರಡನ್ನೂ ಕೇಳುತ್ತಾರೆ. ನಾಲ್ಕು ಜನ ಒಂದೇ ಸಲಕ್ಕೆ ಹಿಡಿಸುತ್ತೀರಾ ಎಂದು ಬುಕ್ ಮಾಡುವಾಗಲೇ ಕೇಳಿ. ಮೋಡ ಕೆಳಗಿಳಿದರೆ ಹಾರುವುದಿಲ್ಲ. ಅಂಥ ಹೊತ್ತಲ್ಲಿ ಪೈಲಟ್ ಮೇಲೆ ಒತ್ತಡ ಹಾಕಬೇಡಿ.

ಗಾಲಿ:
ನೋಡಿ, ಇದೇ ನನ್ನ ತಕರಾರು. ಮೋಡ ಬಂದರೆ ವಿಮಾನ ಇಲ್ಲ. ವ್ಯಾನಿಗೆ ಅದರದೇ ಹೊತ್ತು. ಸ್ವಂತ ಕಾರಿದ್ದರೆ ಯಾರಿಗೂ ಕಾಯಬೇಕಿಲ್ಲ. ವಯಸ್ಸಾದವರ ಜೊತೆ ಹೋಗುವಾಗ ಅದು ದೊಡ್ಡ ಅನುಕೂಲ ಅಲ್ವಾ? ಹುಷಾರಿಲ್ಲ ಅಂದ ತಕ್ಷಣ ಹೊರಡಬಹುದು.

ಕಣಿವೆ:
ಹೊರಡಬಹುದು, ಕಾರು ಸರಿಯಿದ್ದರೆ. ಮಂಡಿನೋವಿನ ತಾಯಿಯನ್ನು ಕೂರಿಸಿಕೊಂಡು, ಸಿಗ್ನಲ್ ಇಲ್ಲದ ಕಡೆ, ಒಂದೇ ಸಣ್ಣ ಸ್ಪೇರ್ ಟೈರು ನಂಬಿಕೊಂಡು ಹೋಗಿ ಎಂದು ನಾನಂತೂ ಯಾರಿಗೂ ಹೇಳಲಾರೆ. ನಾವಿಲ್ಲಿ ಬರೆದದ್ದನ್ನು ನಂಬಿ ಜನ ಹೊರಡುತ್ತಾರೆ. ಆ ಜವಾಬ್ದಾರಿ ನಮ್ಮದು.

ದೂರದಾರಿ ಅವರೇ, ಇಂಥ ಊರಿಗೆ ಹೋಗುವಾಗ ಎಲ್ಲರೂ ತಲುಪುವ ದಾರಿ ಹುಡುಕುತ್ತಾರೆ. ನೀವು ಮೊದಲು ವಾಪಸ್ ಬರುವ ದಾರಿ ಗಟ್ಟಿ ಮಾಡಿಕೊಳ್ಳಿ. ಹೋಗುವಾಗ ತಡವಾದರೆ ಕಳೆದುಕೊಳ್ಳೋದು ಅರ್ಧ ದಿನ. ಬರುವಾಗ ತಡವಾದರೆ ಮನೆಗೆ ಹೊರಡುವ ವಿಮಾನ, ಅದರ ಟಿಕೆಟ್ಟು, ಅಪ್ಪ ಅಮ್ಮನ ಔಷಧ, ಎಲ್ಲಕ್ಕೂ ಪೆಟ್ಟು.

ಹಾಗಾಗಿ ಹೋಗುವಾಗ ಚಿಟಿನಾದಿಂದ ಬೆಳಿಗ್ಗೆ ವಿಮಾನ, ಬರುವಾಗ ರಸ್ತೆಯ ವ್ಯಾನು. ತಿರುಗುಮುರುಗು ಮಾಡಬೇಡಿ. ಹೋಗುವ ದಿನ ಮೋಡ ಕವಿದರೂ ನಿಮ್ಮ ಕಾರು ಚಿಟಿನಾದಲ್ಲೇ ಇರುತ್ತದೆ, ಕಾಯಬಹುದು, ವ್ಯಾನಿನಲ್ಲಿ ಜಾಗ ಇದೆಯಾ ಕೇಳಬಹುದು. ಮೆಕಾರ್ಥಿಯಲ್ಲಿ ಸಿಕ್ಕಿಬಿದ್ದರೆ ಆ ಬಲ ಇರುವುದಿಲ್ಲ. ಆಂಕರೇಜ್‌ನಿಂದ ಚಿಟಿನಾಗೆ ಬರುವ ದಾರಿಯಲ್ಲಿ ಗ್ಲೆನ್‌ಆಲೆನ್ ಅಂತ ಊರಿದೆ. ಆ ಕಡೆಯಿಂದ ಬರುವ ವ್ಯಾನು ಚಿಟಿನಾದಲ್ಲೂ ಜನರನ್ನು ಹತ್ತಿಸಿ ಇಳಿಸುತ್ತದೆ. ಬರುವ ದಿನದ ಸೀಟು ಈಗಲೇ ಹಿಡಿಯಿರಿ. ಅಪ್ಪನಿಗೆ ಕುಸ್ಕುಲಾನಾ ಸೇತುವೆಯೂ ಸಿಕ್ಕಹಾಗಾಯಿತು.

ಗಾಲಿ:
ಇದು ಒಳ್ಳೆಯ ಯೋಜನೆ. ಆದರೂ ಆ ರಸ್ತೆಯನ್ನು ಸ್ವಂತ ಕೈಯಲ್ಲಿ ಓಡಿಸುವ ಸುಖವೇ ಬೇರೆ ಎನ್ನುವ ನನ್ನ ಮಾತು ಬದಲಾಗಲ್ಲ. ಕಾರಿದ್ದವರಿಗೆ ಒಂದು ಮಾತು: ಮೆಕಾರ್ಥಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ. ಗ್ಲೆನ್‌ಆಲೆನ್‌ನಲ್ಲಿ ಟ್ಯಾಂಕ್ ತುಂಬಿಸಿಕೊಂಡೇ ಮುಂದೆ ಹೋಗಿ.

ಹಿಮಹಕ್ಕಿ:
ಜುಲೈ ಅಂದದ್ದಕ್ಕೆ ಇನ್ನೊಂದು ವಿಷಯ. ಹಿಡನ್ ಕ್ರೀಕ್ ಎಂಬ ಕಡೆ ಹಿಮನದಿ ಅಡ್ಡ ನಿಂತು ಒಂದು ಕೆರೆ ಕಟ್ಟಿಕೊಳ್ಳುತ್ತದೆ. ಹೆಚ್ಚುಕಡಿಮೆ ಪ್ರತಿ ಬೇಸಿಗೆ ಆ ನೀರು ಹಿಮದ ಅಡಿಯಿಂದ ದಾರಿ ಮಾಡಿಕೊಂಡು ಕೆನಿಕಾಟ್ ನದಿಗೆ ನುಗ್ಗುತ್ತದೆ. ಆ ಹೊತ್ತಿಗೆ ನದಿ ಸಿಕ್ಕಾಪಟ್ಟೆ ಏರುತ್ತದೆ. ಕಾರು ಬಿಡುವವರು ನೀರಿನ ತೀರಾ ಹತ್ತಿರ ಬಿಡಬಾರದು. ಉದ್ಯಾನದ ಮುಖ್ಯ ಮಾಹಿತಿ ಕೇಂದ್ರ ಕಾಪರ್ ಸೆಂಟರ್‌ನಲ್ಲಿದೆ, ನಿಮ್ಮ ದಾರಿಯಲ್ಲೇ. ಅಲ್ಲಿ ಇಳಿದು ರಸ್ತೆ, ನದಿ ಎರಡರ ಸ್ಥಿತಿ ಕೇಳಿಕೊಂಡೇ ಹೋಗಿ.

ದೂರದಾರಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಣಿವೆ ಅವರ ದಾರಿಯನ್ನೇ ಹಿಡಿಯುತ್ತೇನೆ. ಬರುವ ದಿನದ ವ್ಯಾನ್ ಸೀಟು ಮೊದಲು, ಆಮೇಲೆ ವಿಮಾನ, ಆಮೇಲೆ ರೂಮು. ಒಂದೇ ರಾತ್ರಿ ಸಾಕಾ?

ತುಂಗೆ:
ಎರಡು ರಾತ್ರಿ ಇರಿ. ಗಣಿಯ ಅದಿರು ಬೇರ್ಪಡಿಸುತ್ತಿದ್ದ 14 ಅಂತಸ್ತಿನ ಮರದ ಕಟ್ಟಡದ ಒಳಗೆ ಗೈಡ್ ಜೊತೆಗೇ ಹೋಗಬೇಕು. ಒಳಗೆ ಕಡಿದಾದ ಮೆಟ್ಟಿಲು. ಅಪ್ಪ ಹೋಗಲಿ, ಅಮ್ಮ ಬೇಡ. ಅಮ್ಮನಿಗೆ ಹೊರಗಿನಿಂದಲೇ ಹಿಮನದಿ ಕಾಣುತ್ತದೆ. ಎದುರಿಗೆ ಕಾಣುವ ಬೂದುಬಣ್ಣದ ಗುಡ್ಡೆಗಳನ್ನು ಗಣಿಯ ಕಸ ಅಂದುಕೊಳ್ಳಬೇಡಿ, ಕಲ್ಲುಮಣ್ಣು ಹೊದ್ದ ಹಿಮನದಿ ಅದೇ. ವಾಪಸ್ ಬಂದ ಮೇಲೆ ಆಂಕರೇಜ್‌ನಿಂದ ಹೊರಡುವ ವಿಮಾನಕ್ಕೆ ನಡುವೆ ಒಂದು ಪೂರ್ತಿ ದಿನ ಖಾಲಿ ಬಿಡಿ. ಅದನ್ನು ಮಾತ್ರ ಯಾವ ಕಾರಣಕ್ಕೂ ತುಂಬಿಸಬೇಡಿ.

ದೂರದಾರಿ:
ಆಯ್ತು, ಹಾಗೇ ಮಾಡ್ತೀನಿ. ಇವತ್ತು ರಾತ್ರಿ ವ್ಯಾನಿನವರಿಗೆ ಬರೆಯುತ್ತೇನೆ.